ಕರಬೂಜದ ಹೂವಿಗೆ ಅತ್ತೆಯ ಕಾವಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಮ್ಮೆಯಿಂದ ಹೇಳುತ್ತಿರುವ ಮಾತಲ್ಲ ಇದು. ತೂಬಗೆರೆಯ ಸುತ್ತಮುತ್ತ ನನ್ನನ್ನು ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ, ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತಿದ್ದೇನೆ. ನನ್ನ ಅತ್ತೆಯ ಸಿಟ್ಟು ಬೇರೆ ಥರದ್ದು. ನಾನು ಊರಿಗೆಲ್ಲ ಕೇಳಿಸುವಂತೆ ಕೂಗಾಡಿ ಹತ್ತು ನಿಮಿಷಕ್ಕೆ ಮರೆತುಬಿಡುತ್ತೇನೆ; ಅವರು ಬಾಯಿ ಮುಚ್ಚಿಕೊಂಡು ಹತ್ತು ದಿನ ನೆನಪಿಟ್ಟುಕೊಳ್ಳುತ್ತಾರೆ. ಇಂಥ ಇಬ್ಬರು ಒಂದೇ ಒಲೆಯ ಮುಂದೆ ಹತ್ತೊಂಬತ್ತು ವರ್ಷ ಹೇಗೆ ಕಳೆದೆವೋ ಆ ಘಾಟಿ ಸುಬ್ರಹ್ಮಣ್ಯನೇ ಬಲ್ಲ.

ನಮ್ಮ ಮನೆಯ ಹಿಂದೆ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟವಿತ್ತು. ಆ ಸೊಪ್ಪು ತಿನ್ನುವ ರೇಷ್ಮೆ ಹುಳುಗಳಿಗೆಂದು ತೋಟದ ಅಂಚಿನಲ್ಲೇ ಶೀಟು ಹೊದಿಸಿದ ಹುಳುಮನೆ. ಎರಡೂ ಅತ್ತೆಯವು. ಪಹಣಿಯಲ್ಲಿ ಮಾವನ ಹೆಸರಿತ್ತು, ಆಮೇಲೆ ನಮ್ಮ ಮನೆಯವರ ಹೆಸರು ಬಂತು, ಅದು ಕಾಗದದ ಮಾತು. ಹುಳುಮನೆಯ ಬಾಗಿಲಲ್ಲಿ ಅತ್ತೆ ಹೇಳಿದ್ದೇ ಕಾನೂನು. ಕಾಲು ತೊಳೆಯದೆ ಯಾರೂ ಒಳಗೆ ಹೋಗಬಾರದು. ಒಗ್ಗರಣೆಯ ಘಾಟು ಅತ್ತ ಸುಳಿಯಬಾರದು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಜೋರಾಗಿ ಕೆಮ್ಮಿದರೂ ಅತ್ತೆ ಕಣ್ಣು ಬಿಡುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಶತ್ರು ಊಜಿ ನೊಣ. ಅದು ಬಂದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಹಾಗಾಗಿ ಕಿಟಕಿಗೆ ನೈಲಾನ್ ಪರದೆ, ಬಾಗಿಲಿಗೆ ಎರಡು ಪರದೆ, ಶೀಟಿನ ಸಂದಿಗೆಲ್ಲ ಹಳೇ ಸೀರೆಯ ಚೂರು. ಊಟಕ್ಕೆ ಕೂತಿದ್ದಾಗ ಗುಂಯ್ ಎಂಬ ಸದ್ದು ಕಿವಿಗೆ ಬಿದ್ದರೂ ಸಾಕು, ಎಡಗೈಯಲ್ಲಿ ಪೊರಕೆ ಹಿಡಿದು ಎದ್ದೇಬಿಡುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಪರದೆ ಸರಿಸಿಟ್ಟು ಮರೆತಿದ್ದಕ್ಕೆ ಎಂಟು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಆ ಹುಳುಮನೆಯಲ್ಲಿ ನಾನು ಸೊಪ್ಪು ಹೊರುವವಳು, ಅಷ್ಟೇ. ಕೊಯ್ದು ತರುವುದು, ಹಾಸುವುದು, ಕಸ ತೆಗೆಯುವುದು. ಹುಳು ಚೆನ್ನಾಗಿ ಬಂದರೆ ಅತ್ತೆಯ ಕೈಗುಣ, ಕೆಟ್ಟರೆ ನಾನು ತಂದ ಸೊಪ್ಪು ಒದ್ದೆಯಿತ್ತು. ಹೊಟ್ಟೆ ಉರಿಯುತ್ತಿತ್ತು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಇದು ನಾನು ಬೆಳೆದದ್ದು ಅಂತ ತೋರಿಸಲು ಒಂದು ಬದನೆಕಾಯಿಯೂ ನನಗಿರಲಿಲ್ಲ.

ಎರಡು ವರ್ಷದ ಹಿಂದೆ ತೋಟ ತೀರಾ ಹಳೆಯದಾಯಿತು. ಬೇರಿಗೆ ರೋಗ ಬಿದ್ದು ಗಿಡ ಸಾಯತೊಡಗಿದವು. ಎಲ್ಲವನ್ನೂ ಕಿತ್ತು, ನೆಲವನ್ನು ಒಣಗಲು ಬಿಟ್ಟು, ಮುಂದಿನ ಮಳೆಗಾಲಕ್ಕೆ ಹೊಸ ಹಿಪ್ಪುನೇರಳೆ ಕಡ್ಡಿ ನೆಡುವುದೆಂದು ತೀರ್ಮಾನವಾಯಿತು. ಅಂದರೆ ಚಳಿಗಾಲವಿಡೀ ಆ ನೆಲ ಖಾಲಿ. ನನ್ನ ತಲೆಯಲ್ಲಿ ಕರಬೂಜ ಓಡತೊಡಗಿದ್ದು ಆಗಲೇ.

ಅದನ್ನು ತಲೆಗೆ ಹಾಕಿದವರು ದೊಡ್ಡಬಳ್ಳಾಪುರದ ಒಬ್ಬ ಹಣ್ಣಿನ ವ್ಯಾಪಾರಿ. ಅವರನ್ನು ಎಲ್ಲರೂ ಭಾಯಿ ಎಂದೇ ಕರೆಯುತ್ತಾರೆ. ಪಕ್ಕದ ಹೊಲದವರ ಸೀಬೆಹಣ್ಣು ಕೊಳ್ಳಲು ಬಂದಿದ್ದವರು ನಮ್ಮ ಜಗಲಿಯಲ್ಲಿ ನೀರು ಕುಡಿಯುತ್ತಾ ಹೇಳಿದ್ದರು:

"ಅಕ್ಕಾ, ರಂಜಾನು ವರ್ಷಾವರ್ಷ ಹತ್ತು ದಿನ ಮುಂಚೆ ಮುಂಚೆ ಬರ್ತಾ ಐತೆ. ನಿಮ್ಮೋರ ಕರಬೂಜ ಮಾತ್ರ ರಾಮನವಮಿ ಪಾನಕಕ್ಕೇ ಕಾಯ್ಕೊಂಡು ಕೂತೈತೆ. ರೋಜಾ ಉಪವಾಸ ಬಿಡೋ ಹೊತ್ತಿಗೆ ತಣ್ಣಗೆ ಒಂದು ಹೋಳು ಬೇಡ್ವಾ ನಮಗೆ? ದೂರದಿಂದ ಬರೋ ಹಣ್ಣು ಲಾರೀಲೇ ಬೆಂದೋಗಿರ್ತದೆ."

ಆ ವರ್ಷ ಶಿವರಾತ್ರಿಯೂ ರಂಜಾನಿನ ಮೊದಲ ಉಪವಾಸವೂ ಒಂದೇ ವಾರದಲ್ಲಿ ಬರುತ್ತಿದ್ದವು. ಆ ಹೊತ್ತಿಗೆ ಹಣ್ಣು ಬೇಕೆಂದರೆ ಡಿಸೆಂಬರಿನ ಚಳಿಯಲ್ಲೇ ಪೈರು ನೆಡಬೇಕು. ಬಯಲಲ್ಲಿ ನೆಟ್ಟರೆ ಕರಬೂಜ ಮುದುರಿಕೊಂಡು ಕೂರುತ್ತದೆ, ಬೆಳೆಯುವುದಿಲ್ಲ. ಘಾಟಿಗೆ ಹೋಗುವ ದಾರಿಯಲ್ಲಿ ಒಬ್ಬರ ಹೊಲದಲ್ಲಿ ಸಾಲಿನ ಮೇಲೆ ಬಿದಿರು ದಬ್ಬೆ ಬಗ್ಗಿಸಿ, ಮೊಣಕಾಲೆತ್ತರಕ್ಕೆ ಪ್ಲಾಸ್ಟಿಕ್ ಹೊದಿಸಿದ್ದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಟನಲ್ ಅನ್ನುತ್ತಾರೆ. ಒಳಗೆ ಬಿಸಿಲಿನ ಕಾವು ನಿಲ್ಲುತ್ತದೆ, ಬಳ್ಳಿಗೆ ಚಳಿ ತಿಳಿಯುವುದಿಲ್ಲ.

ಅತ್ತೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆಯೆತ್ತಲಿಲ್ಲ.

"ಕರಬೂಜಕ್ಕೆ ಔಷಧಿ ಹೊಡೀಬೇಕು. ಔಷಧಿ ಹೊಡ್ದ ನೆಲದ ಪಕ್ಕ ಹುಳ ಸಾಕೋಕಾಗಲ್ಲ. ಅದೂ ಇದೂ ಎರಡೂ ಅಂತ ಕನಸು ಕಾಣ್ಬೇಡ."

"ಈಗ ಹುಳಾನೇ ಇಲ್ವಲ್ಲ ಅತ್ತೆ. ಮಳೆಗಾಲದವರೆಗೂ ನೆಲ ಸುಮ್ನೇ ಬಿದ್ದಿರುತ್ತೆ."

"ಒಂದೇ ಒಂದು ಬೆಳೆ. ಆಮೇಲೆ ನನ್ನ ಕಡ್ಡಿ."

"ರಂಜಾನಿಗೆ ನನ್ನ ಹಣ್ಣು ಮಂಡಿಗೆ ಹೋದ್ರೆ?"

ಆಗ ತಲೆಯೆತ್ತಿದರು. "ಹೋದ್ರೆ ನೆಲ ನೀನೇ ಇಟ್ಕೊಳ್ಳೇ. ಹೋಗ್ದಿದ್ರೆ ತುಟಿ ಪಿಟಕ್ಕನ್ನದೆ ನನ್ನ ಜೊತೆ ಕಡ್ಡಿ ನೆಡ್ಬೇಕು."

"ನನ್ನನ್ನ ಯಾರಾದ್ರೂ ಕೇಳ್ತೀರೇನ್ರಮ್ಮಾ?" ಎಂದರು ನಮ್ಮ ಮನೆಯವರು.

"ಇಲ್ಲ" ಎಂದೆವು ಇಬ್ಬರೂ. ಅತ್ತೆ ಸೊಸೆ ಒಂದೇ ಮಾತು ಆಡಿದ್ದು ಆ ವರ್ಷದಲ್ಲಿ ಅದೊಂದೇ ಸಲ ಇರಬೇಕು.

ಹೀಗೆ ಪಂಥ ಬಿತ್ತು. ನಾನು ಗೆದ್ದರೆ ಅತ್ತೆಯ ಹಿಪ್ಪುನೇರಳೆ ಇನ್ನಿಲ್ಲ, ಹುಳುಮನೆ ಬೀಗ. ಸೋತರೆ ನಾನು ಮತ್ತೆ ಸೊಪ್ಪು ಹೊರುವವಳು.

ನೆಲ ಉತ್ತು, ಕೊಟ್ಟಿಗೆ ಗೊಬ್ಬರ ಹಾಕಿ, ಉದ್ದುದ್ದ ಏರುಮಡಿ ಮಾಡಿಸಿದೆವು. ಮಡಿಯ ಮೇಲೆ ಡ್ರಿಪ್ ಪೈಪು, ಅದರ ಮೇಲೆ ಮಲ್ಚಿಂಗ್ ಪೇಪರು, ಪೇಪರಿನ ತೂತಿನಲ್ಲಿ ನರ್ಸರಿಯಿಂದ ತಂದ ಎರಡೆಲೆಯ ಪೈರು. ಆಮೇಲೆ ದಬ್ಬೆ ಚುಚ್ಚಿ, ಪ್ಲಾಸ್ಟಿಕ್ ಎಳೆದು, ಎರಡೂ ಬದಿಗೆ ಮಣ್ಣು ಮುಚ್ಚಿದೆವು. ಗಾಳಿ ಆಡಲೆಂದು ಸಾಲಿನ ಎರಡು ತುದಿಗಳನ್ನು ಮಾತ್ರ ತೆರೆದೇ ಬಿಟ್ಟೆವು. ನರ್ಸರಿಯವರು ನನಗೆ ಒಂದು ಮಾತನ್ನು ಎರಡು ಸಲ ಹೇಳಿದ್ದರು: "ಹೂವು ಕಂಡ ದಿನ ಪ್ಲಾಸ್ಟಿಕ್ ಎತ್ಬಿಡಿ ಅಮ್ಮಾ. ಜೇನು ಒಳಗೆ ಬಂದ್ರೇನೇ ಕಾಯಿ." ನಾನು ತಲೆಯಾಡಿಸಿದ್ದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು? ಬೆಳೆ ನನ್ನದು, ಗುಟ್ಟೂ ನನ್ನದು.

ಆ ಡಿಸೆಂಬರು ನನಗೆ ತುಂಬಾ ಇಷ್ಟವಾಯಿತು. ಬೆಳಿಗ್ಗೆ ಎದ್ದು ಹೋದರೆ ಮಂಜಿನಲ್ಲಿ ಹೊಲವೇ ಇರುತ್ತಿರಲಿಲ್ಲ, ನಾಲ್ಕು ಹೆಜ್ಜೆಯಷ್ಟೇ ನೆಲ ಕಾಣುತ್ತಿತ್ತು. ಬಿಸಿಲು ಏರಿದಂತೆ ಒಂದೊಂದೇ ಸಾಲು ಹೊರಬರುತ್ತಿತ್ತು. ಪ್ಲಾಸ್ಟಿಕ್ಕಿನ ಒಳಮೈಗೆ ನೀರ ಹನಿ ಕಟ್ಟಿ, ಅದರ ಹಿಂದೆ ಹಸಿರು ಮಸುಕಾಗಿ ಕಾಣುತ್ತಿತ್ತು. ತುದಿಯಿಂದ ಕೈ ತೂರಿಸಿದರೆ ಬಾಣಂತಿ ಕೋಣೆಯ ಬಿಸಿ. ನಾನು ಸುಮ್ಮಸುಮ್ಮನೆ ಹತ್ತು ಸಲ ಕೈ ತೂರಿಸುತ್ತಿದ್ದೆ.

ಅತ್ತೆ ಮೊದಲ ವಾರ ಆ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಹುಳುಮನೆ ಖಾಲಿ, ಅವರ ಕೈಗೆ ಕೆಲಸವಿಲ್ಲ. ಹೊತ್ತು ಹೋಗದೆ ಒಂದು ಬೆಳಿಗ್ಗೆ ಶಾಲು ಹೊದ್ದು ಬಂದು, ಬಗ್ಗಿ, ಟನಲ್ಲಿನೊಳಗೆ ಕೈಯಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಪರವಾಗಿಲ್ಲ. ಮರಿಹುಳ ಸಾಕೋ ಮನೆ ಥರ ಬೆಚ್ಚಗಿದೆ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಆವತ್ತಿನಿಂದ ದಿನಾ ಬೆಳಿಗ್ಗೆ ಸಂಜೆ ಸಾಲು ಸಾಲು ಸುತ್ತುವುದು ಅವರ ಅಭ್ಯಾಸವಾಯಿತು. ಬಿಚ್ಚಿದ ಕಡೆ ಮಣ್ಣು ಮುಚ್ಚುತ್ತಿದ್ದರು, ನಾಯಿ ಓಡಿಸುತ್ತಿದ್ದರು. ಪಂಥದಲ್ಲಿ ಎದುರು ಪಕ್ಷದವರು ನನ್ನ ಬೆಳೆಗೆ ಕಾವಲು ನಿಂತಿದ್ದಾರಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಹೊಸ ವರ್ಷ ಬಂದ ವಾರ ಚಳಿ ಜೋರಾಯಿತು. ಒಂದು ಬೆಳಿಗ್ಗೆ ನಮ್ಮ ಮನೆಯವರು ನನಗೆ ಸಹಾಯ ಮಾಡುತ್ತೇನೆಂದು ಮಂಜು ಕರಗುವ ಮುಂಚೆಯೇ ನಾಲ್ಕು ಸಾಲಿನ ಪ್ಲಾಸ್ಟಿಕ್ ಎತ್ತಿ ಗಾಳಿಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಆ ನಾಲ್ಕು ಸಾಲಿನ ಎಲೆಯಂಚು ಕಪ್ಪಗಾಗಿತ್ತು. ನಾನು ಸಿಟ್ಟಿಗೆ ಕುಣಿದಾಡಿಬಿಟ್ಟೆ. ಹೊಲದ ನಡುವೆ ನಿಂತು, ಗಂಡ ಅತ್ತೆ ಇಬ್ಬರಿಗೂ ಸೇರಿಸಿ, "ನಾನು ಹೇಳೋವರೆಗೂ ಈ ಪ್ಲಾಸ್ಟಿಕ್ಕನ್ನ ಯಾರಾದ್ರೂ ಮುಟ್ಟಿದ್ರೆ ನೋಡಿ, ಕೈ ಮುರೀತೀನಿ!" ಎಂದು ಕೂಗಿದೆ. ಅತ್ತೆಗೆ ಕೈ ಮುರಿಯುವ ಮಾತು! ಅವರು ಸೆರಗು ಸರಿಮಾಡಿಕೊಂಡು ಮನೆಗೆ ನಡೆದರು.

ಮಾರನೇ ದಿನ ನನಗೆ ಜ್ವರ ಬಂತು. ಚಿಕೂನ್‌ಗುನ್ಯಾ ಎಂದರು ಡಾಕ್ಟರು. ಒಂಬತ್ತು ದಿನ ನಾನು ಎದ್ದಿದ್ದೇ ಬಚ್ಚಲಿಗೆ, ಅದೂ ಗೋಡೆ ಹಿಡಿದು. ಬೆರಳ ಗೆಣ್ಣುಗಳು ಊದಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಅತ್ತೆಯೇ ಗಂಜಿ ತಂದು ಕುಡಿಸುತ್ತಿದ್ದರು, ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು, "ಹಳದಿ ಹೂವು ಬಿಟ್ಟಿದೆ ಕಣೇ, ಸಾಲೆಲ್ಲ" ಎಂದರು. ನಾನು ಕಣ್ಣು ಮುಚ್ಚಿಕೊಂಡೇ "ಹೂಂ" ಎಂದೆನಂತೆ. ನನಗೆ ಅರೆಬರೆ ನೆನಪಿದೆ. ನೆನಪಿರುವುದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಸಂಕ್ರಾಂತಿಗೆ ಇನ್ನು ಮೂರು ದಿನವಿದೆ ಎನ್ನುವಾಗ ಎದ್ದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಮುದುಕಿಯ ಹಾಗೆ ಹೊಲಕ್ಕೆ ಹೋದೆ. ದೂರದಿಂದಲೇ ಏನೋ ಬೇರೆ ಥರ ಕಂಡಿತು. ಹತ್ತಿರ ಹೋಗಿ ನೋಡಿದರೆ ಪ್ರತಿ ಸಾಲಿನ ಎರಡೂ ತುದಿಗೆ ನೈಲಾನ್ ಪರದೆ. ಹುಳುಮನೆಯ ಕಿಟಕಿಯಲ್ಲಿದ್ದ ಅದೇ ಪರದೆಯನ್ನು ಕತ್ತರಿಸಿ, ದಬ್ಬೆಗೆ ನೂಲಿನಿಂದ ಹೊಲಿದು, ಕೆಳಗೆ ಮಣ್ಣು ಅದುಮಿ ಬಿಗಿ ಮಾಡಿತ್ತು. ಪ್ಲಾಸ್ಟಿಕ್ ಹರಿದಿದ್ದ ಕಡೆಗಳಿಗೂ ಪರದೆಯ ತೇಪೆ.

ಅತ್ತೆ ಸಾಲಿನ ಕೊನೆಯಲ್ಲಿ ಪೊರಕೆ ಹಿಡಿದು ನಿಂತಿದ್ದರು.

"ಏನತ್ತೆ ಇದು?"

"ನೊಣ ಕಣೇ! ಎಷ್ಟೊಂದು ಅಂತೀಯ! ಹೂವು ಬಿಟ್ಟಿದ್ದೇ ತಡ, ಗುಂಯ್ ಅಂತ ಮುತ್ತಿಕೊಂಡ್ಬಿಟ್ವು. ತುದೀಲಿ ನುಗ್ತಿದ್ವು ಒಳಗೆ. ನೀನು ಪ್ಲಾಸ್ಟಿಕ್ ಮುಟ್ಬೇಡಿ ಅಂದಿದ್ದೆ, ನಾನು ಮುಟ್ಲಿಲ್ಲ. ಗಾಳಿ ಆಡೋ ಹಾಗೆ ಪರದೆ ಹೊಲಿದೆ. ಎಂಟು ದಿನದಿಂದ ಒಂದೇ ಒಂದು ಒಳಗೆ ಬಿಟ್ಟಿಲ್ಲ ನೋಡು."

ಅವರ ಮುಖದಲ್ಲಿ ಎಂಥ ಖುಷಿ ಇತ್ತು ಅಂದರೆ, ಈಗ ಬರೆಯುವಾಗ ಅದೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಕೂತು ಒಂದು ಸಾಲಿನ ಪ್ಲಾಸ್ಟಿಕ್ ಎತ್ತಿದೆ. ಬಳ್ಳಿ ಸೊಂಪಾಗಿತ್ತು, ಎಲೆ ಅಂಗೈಯಗಲ. ಗಂಡು ಹೂವುಗಳು ನಗುತ್ತಿದ್ದವು. ಆದರೆ ಹೆಣ್ಣು ಹೂವಿನ ಬುಡದಲ್ಲಿರುವ ಕಡಲೆಕಾಳಿನಂಥ ಪುಟ್ಟ ಕಾಯಿ ಎಲ್ಲ ಕಡೆಯೂ ಹಳದಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಎರಡನೇ ಸಾಲು ಎತ್ತಿದೆ, ಮೂರನೆಯದು ಎತ್ತಿದೆ. ಇಡೀ ಹೊಲದಲ್ಲಿ ಒಂದು ಕಾಯಿಯೂ ಕಚ್ಚಿರಲಿಲ್ಲ.

"ಅಯ್ಯೋ, ನೊಣ ಅಲ್ಲ ಅವು, ಜೇನು! ಜೇನು ಬರ್ದಿದ್ರೆ ಕಾಯಿ ಎಲ್ಲಿಂದ ಬರುತ್ತೆ?"

"ಜೇನೋ ನೊಣವೋ, ಹಾರೋದು ಯಾವುದೂ ಒಳಗೆ ಹೋಗ್ಬಾರ್ದು ಅಂತ..." ಅತ್ತೆಯ ಮಾತು ಅರ್ಧಕ್ಕೇ ನಿಂತಿತು. ಪೊರಕೆ ಕೆಳಗಿಳಿಯಿತು.

ಆಗ ನಾನು ಅಂದೆ. ಅನ್ನಬಾರದಿತ್ತು, ಆದರೆ ಅಂದೆ.

"ಬೇಕೂಂತಾನೇ ಮಾಡಿದ್ರಿ ನೀವು. ನನ್ನ ಬೆಳೆ ಕೆಡ್ಲಿ, ನಿಮ್ಮ ಕಡ್ಡಿ ನೆಡೋಣ ಅಂತ. ನಾನು ಹಾಸಿಗೆ ಹಿಡಿಯೋದನ್ನೇ ಕಾಯ್ತಿದ್ರಿ!"

ಅತ್ತೆ ಪೊರಕೆಯನ್ನು ಬದುವಿನ ಮೇಲಿಟ್ಟು, ಶಾಲು ಹೊದ್ದುಕೊಂಡು ಹೋದರು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ತಲೆ ಮೇಲೆ ಕೈ ಹೊತ್ತುಕೊಂಡೆ.

ಮನೆಯಲ್ಲಿ ಗಂಡನ ಹತ್ತಿರ ಬಾಯಿ ಬಡಿದುಕೊಂಡಾಗ ಅವರು ಶಾಂತವಾಗಿ ಕೇಳಿದರು: "ಮುಟ್ಬೇಡಿ ಅಂದೋಳು ಯಾರು? ನೀನೇ. ಜೇನು ಬೇಕು ಅಂತ ನಮಗೆ ಯಾರಾದ್ರೂ ಹೇಳಿದ್ರಾ?" ತಪ್ಪು ನನ್ನದೂ ಇದೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಗೊತ್ತಾದರೂ ಅತ್ತೆಯ ಮುಂದೆ ಹೋಗಿ ನಿಲ್ಲಲು ಕಾಲು ಬರಲಿಲ್ಲ. ಹಾಳು ಜಂಭ.

ನರ್ಸರಿಯವರಿಗೆ ಫೋನ್ ಮಾಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಮೊದಲ ಹೂವು ಹೋಯಿತು, ಶಿವರಾತ್ರಿಗೆ ಹಣ್ಣಿಲ್ಲ, ಅದನ್ನು ಮರೆತುಬಿಡಿ ಎಂದರು. ಪಕ್ಕದ ಕವಲುಗಳಲ್ಲಿ ಇನ್ನು ನಾಲ್ಕೈದು ದಿನಕ್ಕೆ ಮತ್ತೆ ಹೆಣ್ಣು ಹೂವು ಬರುತ್ತವೆ. ಅವು ಒಂದೂ ಬಿಡದಂತೆ ಕಾಯಿ ಕಚ್ಚಿದರೆ ರಂಜಾನಿನ ಮೊದಲ ವಾರಕ್ಕೆ ಹಣ್ಣು ಸಿಗಬಹುದು. ಇಷ್ಟು ಮಂಜಿನಲ್ಲಿ ಜೇನನ್ನು ನಂಬಿ ಕೂರಬೇಡಿ, ಕೈಯಲ್ಲೇ ಮುಟ್ಟಿಸಿ ಎಂದರು.

ಕೈಯಲ್ಲಿ ಮುಟ್ಟಿಸುವುದೆಂದರೆ ಇಷ್ಟೇ. ಗಂಡು ಹೂವು ಕಿತ್ತು, ಎಸಳು ಸುಲಿದು, ಒಳಗಿನ ಪುಡಿ ಇರುವ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಹೂವು ಅರಳಿದ ಎರಡು ಮೂರು ಗಂಟೆಯೊಳಗೆ. ಹೇಳಲು ಸುಲಭ. ಕರಬೂಜದ ಹೂವು ಉಗುರಿನಷ್ಟು, ತೊಟ್ಟು ನೂಲಿನಷ್ಟು. ಸಂಕ್ರಾಂತಿ ಕಳೆದ ಮೇಲೆ ಎರಡನೇ ಹೂವು ಬಂದ ಮೊದಲ ಬೆಳಿಗ್ಗೆ ನಾನು ಊದಿದ ಬೆರಳಲ್ಲಿ ಕೂತೆ. ಸವರಲು ಹೋಗಿ ಹೂವನ್ನೇ ಕಿತ್ತುಬಿಡುತ್ತಿದ್ದೆ. ಒಂದು ಸಾಲು ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಮಿಕ್ಕ ಸಾಲುಗಳ ಹೂವು ಬಾಡಿದವು. ಕೂಲಿಗೆ ಕರೆದ ಇಬ್ಬರು ಹೆಂಗಸರು, "ಇದೇನ್ ಬೊಂಬೆ ಆಟಾನ? ಕಣ್ಣೇ ಹೋಗುತ್ತೆ" ಎಂದು ಮಧ್ಯಾಹ್ನಕ್ಕೆ ಎದ್ದು ಹೋದರು. ಸೋತೆ ಎಂದುಕೊಂಡೆ. ಅಳು ಬಂತು, ಅತ್ತುಬಿಟ್ಟೆ. ನೋಡುವವರಿರಲಿಲ್ಲ.

ಎರಡನೇ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅತ್ತೆ ಹೊಲದ ಆ ತುದಿಯಲ್ಲಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆ ಹಾಕಿಕೊಂಡು ಕೂತು, ಪ್ಲಾಸ್ಟಿಕ್ಕನ್ನು ಒಂದು ಮೊಳದಷ್ಟು ಎತ್ತಿ ಕೆಲಸ ನಡೆಸಿದ್ದರು. ನರ್ಸರಿಯವರು ಹೇಳಿದ್ದನ್ನು ನಮ್ಮ ಮನೆಯವರು ಅವರ ಕಿವಿಗೆ ಹಾಕಿದ್ದರಂತೆ. ನನ್ನ ಹತ್ತಿರ ಮಾತು ಬಿಟ್ಟು ಒಂದು ವಾರವಾಗಿತ್ತು. ಮನೆಯಲ್ಲಿ ಏನು ಹೇಳಬೇಕಾದರೂ ಕರುವಿಗೆ ಹೇಳುತ್ತಿದ್ದರು. "ಕಾಫಿ ಆಗಿದೆ ಕಣೋ ಬಸವ, ಬೇಕಾದೋರು ಕುಡೀಬಹುದು" ಎನ್ನುವುದು, ನಾನು ಹೋಗಿ ಕುಡಿಯುವುದು. ಆವತ್ತು ಕರುವೂ ಇರಲಿಲ್ಲ, ಹಾಗಾಗಿ ಸುಮ್ಮನಿದ್ದರು.

ನಾನು ಸಾಲಿನ ಆಚೆ ಬದಿಯಿಂದ ನೋಡಿದೆ. ಎಡಗೈಯ ಎರಡು ಬೆರಳಲ್ಲಿ ಹೆಣ್ಣು ಹೂವಿನ ತೊಟ್ಟಿಗೆ ಆಸರೆ ಕೊಟ್ಟು, ಬಲಗೈಯಲ್ಲಿ ಗಂಡು ಹೂವನ್ನು ತಿರುಗಿಸಿ, ಮುಟ್ಟಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಸವರಿ, ಮುಂದಿನದಕ್ಕೆ ಹೋಗುತ್ತಿದ್ದರು. ಒಂದು ಹೂವೂ ಮುರಿಯಲಿಲ್ಲ, ಎಲೆಯೂ ಅಲುಗಲಿಲ್ಲ. ಅರವತ್ತಾರು ವರ್ಷದ ಕೈ ಅದು.

ಆ ಕೈಗೆ ಆ ಕೆಲಸ ಎಲ್ಲಿಂದ ಬಂತೆಂದು ನಮ್ಮ ಮನೆಯವರು ತಿಂಡಿ ತಂದಾಗ ಹೇಳಿದರು. ಮದುವೆಗೆ ಮುಂಚೆ ಅತ್ತೆ ಮೂರು ವರ್ಷ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೂಲಿ ಮಾಡಿದ್ದರಂತೆ. ಅಲ್ಲಿ ಗೂಡು ಒಡೆದು ಬಂದ ರೇಷ್ಮೆ ಚಿಟ್ಟೆಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಬೇರೆ ಮಾಡಿ, ಜೋಡಿ ಕೂಡಿಸಿ, ಹೊತ್ತು ನೋಡಿ ಮತ್ತೆ ಬಿಡಿಸುವುದು ಹೆಂಗಸರ ಕೆಲಸ. ರೆಕ್ಕೆಗೆ ಪೆಟ್ಟಾದರೆ ಬೈಗುಳ. ಹದಿನೇಳು ವರ್ಷ ಜೊತೆಗಿದ್ದೂ ನನಗಿದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ ನಾನು.

ಮೂರನೇ ಬೆಳಿಗ್ಗೆ ಅವರ ಸಾಲಿನ ಪಕ್ಕದಲ್ಲೇ ಕೂತೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಎಲ್ಲೋ ದೂರದಲ್ಲಿ ಟ್ರಾಕ್ಟರಿನ ಸದ್ದು. ತಡೆಯಲಾರದೆ ಕೇಳಿದೆ.

"ಅತ್ತೆ, ಇದು ಕಾಯಿ ಕಚ್ಚಿದ್ರೆ ನಿಮ್ಮ ತೋಟ ಹೋಗುತ್ತಲ್ಲ. ಮತ್ಯಾಕೆ ಮಾಡ್ತಿದೀರಿ?"

ಅವರು ಎರಡು ಹೂವು ಮುಗಿಸಿದರು.

"ಸಿಟ್ಟಿರೋದು ನಿನ್ನ ಮೇಲೆ. ಈ ಹೂವಿನ ಮೇಲೆ ನನಗೇನು ಸಿಟ್ಟು? ಸರಿ ಆಚೆ, ನೆರಳು ಬೀಳ್ತಿದೆ."

ಸರಿದು ಕೂತೆ. ಎಂಟು ಬೆಳಿಗ್ಗೆ ಹಾಗೇ ಕೂತೆವು. ಅವರು ಮೂರು ಸಾಲು ಮುಗಿಸಿದರೆ ನಾನು ಒಂದು. ಮಾತು ಕಡಿಮೆ, ಅದೂ ಕೆಲಸದ್ದು. ಬಿಸಿಲು ಬೆನ್ನಿಗೆ ಹಿತವಾಗಿ ಕಾಯುತ್ತಿತ್ತು. ಸಿಟ್ಟು ಮಾಡಿಕೊಂಡ ಇಬ್ಬರು ಅಕ್ಕಪಕ್ಕ ಇಷ್ಟು ನೆಮ್ಮದಿಯಾಗಿ ಕೂರಬಹುದೆಂದು ನನಗೆ ಗೊತ್ತಿರಲಿಲ್ಲ. ನಾಲ್ಕನೇ ದಿನ, ಮೊದಲು ಮುಟ್ಟಿಸಿದ ಹೂವಿನ ಎಸಳು ಉದುರಿ, ಬುಡದಲ್ಲಿ ಗುಬ್ಬಚ್ಚಿ ಮೊಟ್ಟೆಯಷ್ಟು ಕಾಯಿ, ಮೈಮೇಲೆಲ್ಲ ಬಿಳಿ ರೋಮ. ಅತ್ತೆ ಅದನ್ನು ಮುಟ್ಟಲಿಲ್ಲ, ಬೆರಳನ್ನು ಹತ್ತಿರ ಒಯ್ದು ತೋರಿಸಿದರು. ಆ ಹೊತ್ತಿಗೆ ಜೇನೂ ಒಂದೆರಡು ಬರತೊಡಗಿದ್ದವು. ಒಂದು ಅವರ ಕಿವಿಯ ಪಕ್ಕದಲ್ಲೇ ಗುಂಯ್ ಎಂದು ಹಾದುಹೋಯಿತು. ಕೈ ಪೊರಕೆಗಾಗಿ ಒಂದು ಗೇಣು ಮೇಲೆದ್ದು, ಮತ್ತೆ ಮಂಡಿಯ ಮೇಲೆ ಬಂದು ಕೂತಿತು. "ಹೋಗು, ಹೋಗು ಒಳಗೆ" ಎಂದರು ಅದಕ್ಕೆ.

ಆಮೇಲೆ ಎಲ್ಲವೂ ಬೆಳೆಯ ಪಾಡಿಗೆ ನಡೆಯಿತು. ಫೆಬ್ರವರಿಯ ಬಿಸಿಲಿಗೆ ಪ್ಲಾಸ್ಟಿಕ್ ತೆಗೆದೆವು. ಕಾಯಿ ದುಂಡಗಾಗಿ, ಮೈಮೇಲೆ ಬಲೆ ಮೂಡಿ, ಹಸಿರು ಹೋಗಿ ಮರಳಿನ ಬಣ್ಣ ಬಂತು. ಶಿವರಾತ್ರಿ ಬಂದು ಹೋಯಿತು, ನಮ್ಮ ಹಣ್ಣು ಹೋಗಲಿಲ್ಲ. ರಂಜಾನಿನ ಚಂದ್ರ ಕಂಡ ನಾಲ್ಕನೇ ದಿನ ಭಾಯಿ ಟೆಂಪೋ ತಂದರು. ಬಿಸಿಲಲ್ಲಿ ನಿಂತಿದ್ದರೂ ನೀರು ಬೇಡವೆಂದರು, ಉಪವಾಸ. ಸಾಲಿಗಿಳಿದು ಒಂದು ಹಣ್ಣನ್ನು ಎತ್ತಿ, ತೊಟ್ಟಿನ ಕಡೆ ಮೂಗಿಟ್ಟು ಕಣ್ಣು ಮುಚ್ಚಿದರು.

"ವಾಹ್. ಇದನ್ನ ಸಂಜೆವರೆಗೂ ಮೂಸ್ಕೊಂಡೇ ಇರ್ಬೇಕಲ್ಲಾ ಅಕ್ಕಾ, ದೊಡ್ಡ ಶಿಕ್ಷೆ ಕೊಟ್ರಿ" ಎಂದು ನಕ್ಕರು. ಹಣ್ಣು ತುಂಬಿಸುತ್ತಾ ಹೋದಂತೆ ಅವರಿಗೊಂದು ಸೋಜಿಗ. ಈ ಕಡೆಯ ಸಾಲುಗಳ ಹಣ್ಣೆಲ್ಲ ಚೆಂಡಿನ ಹಾಗೆ ದುಂಡಗೆ. ಆ ಕಡೆಯ ಕೆಲವು ಸಾಲಿನವು ಒಂದು ಮಗ್ಗುಲು ಊದಿ, ಇನ್ನೊಂದು ಮಗ್ಗುಲು ಬತ್ತಿ ಸೊಟ್ಟಗೆ. "ಇದ್ಯಾಕೆ ಹಿಂಗೆ?"

"ಹೂವಿಗೆ ಸರಿಯಾಗಿ ಮುಟ್ಟಿಸದಿದ್ರೆ ಸೊಟ್ಟ ಬರುತ್ತಂತೆ" ಎಂದೆ.

"ಸೊಟ್ಟ ಸಾಲು ಯಾರದ್ದು?"

"ನಂದು" ಎಂದೆ. ಬದುವಿನ ಮೇಲೆ ನಿಂತಿದ್ದ ಅತ್ತೆ ಆ ಕಡೆ ತಿರುಗಿದರು. ಸೆರಗು ಬಾಯಿಗೆ ಅಡ್ಡ ಹೋಯಿತು, ನಕ್ಕರೆಂದೇ ನನ್ನ ಅನುಮಾನ.

ಹಣ್ಣು ಮಂಡಿಗೆ ಹೋಯಿತು. ಮಾತಿನಂತೆ ನೆಲ ನನ್ನದಾಯಿತು. ಮನೆಯಲ್ಲಿ ಯಾರೂ ಆ ಬಗ್ಗೆ ಬಾಯಿ ಬಿಡಲಿಲ್ಲ. ನಾನು ಕುಣಿಯುತ್ತೇನೆ ಎಂದುಕೊಂಡಿದ್ದೆ, ಕುಣಿಯುವ ಮನಸ್ಸಾಗಲಿಲ್ಲ. ಅತ್ತೆ ಮತ್ತೆ ಮಾತಾಡತೊಡಗಿದ್ದರು, ಕರುವಿನ ಮೂಲಕವಲ್ಲ, ನೇರವಾಗಿಯೇ. ಆದರೆ ಅದು ಉಪ್ಪು ಇದೆಯಾ, ಹಾಲು ಕಾಯಿಸಿದೆಯಾ ಎನ್ನುವಷ್ಟೇ ಮಾತು.

ಯುಗಾದಿಗೆ ಒಂದು ವಾರವಿದ್ದಾಗ ಪ್ಲಾಸ್ಟಿಕ್ಕೆಲ್ಲ ಸುತ್ತಿ ದಬ್ಬೆ ಕಟ್ಟುತ್ತಿದ್ದೆ. ಹುಳುಮನೆಯ ಕಡೆಯಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬಂತು. ಎದ್ದು ಹೋಗಿ ನೋಡಿದೆ. ಬಾಗಿಲು ತೆರೆದಿತ್ತು. ಗೋಡೆಗೆಲ್ಲ ಹೊಸದಾಗಿ ಸುಣ್ಣ ಬಳಿದಿತ್ತು. ನೆಲ ತೊಳೆದಿತ್ತು, ಮೂಲೆಗೆ ಸುಣ್ಣದ ಪುಡಿ ಎರಚಿತ್ತು. ಹೊಸ ಹುಳು ತರುವ ಮುಂಚೆ ಮಾಡುವ ಶುದ್ಧಿ ಇದು, ಪ್ರತಿ ಬೆಳೆಗೂ ನೋಡಿದ್ದೇನೆ. ಅತ್ತೆ ಒಳಗೆ ಕುಕ್ಕರುಗಾಲಲ್ಲಿ ಕೂತು ಹೊಸ್ತಿಲು ಉಜ್ಜುತ್ತಿದ್ದರು.

ನನ್ನ ರಕ್ತ ಕುದಿಯಿತು. ಬುದ್ಧಿ ಬಂದಿದೆ ಎಂದುಕೊಂಡಿದ್ದೆನಲ್ಲ, ಎಲ್ಲಿ ಬಂದಿತ್ತು?

"ಏನತ್ತೆ ಇದು? ಮಾತು ಅಂದ್ರೆ ಮಾತು. ಹಣ್ಣು ಹೋಯ್ತಲ್ಲ ರಂಜಾನಿಗೆ? ಈಗ ಮತ್ತೆ ಹುಳ ತರೋಕೆ ಹೊರಟಿದ್ದೀರಾ, ನನಗೊಂದು ಮಾತೂ ಹೇಳ್ದೆ?"

ಅತ್ತೆ ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಗ ನನ್ನ ಕಣ್ಣಿಗೆ ಬಿತ್ತು: ಒಳಗೆ ಹುಳು ಸಾಕುವ ಸ್ಟ್ಯಾಂಡುಗಳೇ ಇರಲಿಲ್ಲ. ತಟ್ಟೆಗಳಿರಲಿಲ್ಲ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಒಂದೂ ಇರಲಿಲ್ಲ. ಕೋಣೆ ಪೂರ್ತಿ ಬರಿದಾಗಿತ್ತು.

"ಪ್ಲಾಸ್ಟಿಕ್ ಎಲ್ಲಿಡ್ತೀಯ?" ಎಂದರು. "ಹೊರಗಿಟ್ರೆ ಇಲಿ ಕಡಿಯುತ್ತೆ. ಮುಂದಿನ ಚಳಿಗೆ ಬೇಡ್ವಾ ನಿನಗೆ? ಸ್ಟ್ಯಾಂಡು ತಟ್ಟೆ ಎಲ್ಲ ಮೊನ್ನೆ ಕೊಟ್ಬಿಟ್ಟೆ, ಬೇಕಾದೋರಿಗೆ."

ನಾನು ಹೊಸ್ತಿಲಿಂದ ಕಾಲು ಹಿಂದೆಗೆದೆ.

ಅತ್ತೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. ದನಿ ಏರಲಿಲ್ಲ. "ತೋಟ ಹೋಯ್ತು ಅಂತ ನಾನು ಅತ್ತಿಲ್ಲ ಕಣೇ. ಹೋಗೋದೆಲ್ಲ ಹೋಗುತ್ತೆ. ನಲವತ್ತು ವರ್ಷ ಜೀವ ಇರೋದನ್ನ ಸಾಕ್ದೋಳು ನಾನು. ಒಂದು ಹುಳ ಸೊಪ್ಪಿಲ್ದೆ ಸಾಯೋಕೆ ಬಿಟ್ಟೋಳಲ್ಲ. ಬೆಳೇನ ಬೇಕೂಂತ ಕೆಡಿಸ್ದೆ ಅಂದ್ಯಲ್ಲ ನೀನು, ಅದಕ್ಕೆ ಅತ್ತುಬಿಟ್ಟೆ. ಇವತ್ತು ಮತ್ತೆ ಅದನ್ನೇ ಅನ್ನೋಕೆ ಬಂದೆ."

ಸುಣ್ಣದ ಘಾಟಿಗೆ ಕಣ್ಣು ಚುರುಗುಟ್ಟುತ್ತಿತ್ತು, ಸುಣ್ಣದಿಂದಲೇ ಅಂತ ಹೇಳಲಾರೆ. ಅವರ ಎದುರು ಹೊಸ್ತಿಲ ಈಚೆ ಕೂತುಬಿಟ್ಟೆ. ಮುಂದೇನು ಮಾಡಬೇಕೆಂದು ನನಗೆ ತಿಳಿದಿತ್ತು. ಹದಿನೇಳು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ.

"ತಪ್ಪಾಯ್ತು ಅತ್ತೆ" ಎಂದೆ.

ಅವರು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದರು.

"ಎರಡು ಸಲ ಅಂದಿದ್ದಕ್ಕೆ ಒಂದೇ ತಪ್ಪಾಯ್ತಾ?"

ನಾನು ಇನ್ನೊಂದು ಸಲ ಹೇಳಿದೆ.